ಪದಚರ್ಚೆ: ಕರೆಂಟು ‘ಹೋಯಿತೇ’, ‘ತೆಗೆದರೇ’, ‘ವ್ಯತ್ಯಯವಾಯಿತೇ’?

ಬಳಗದ ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನ ನನ್ನ ಗೆಳೆಯರೊಬ್ಬರು ನಿವೃತ್ತ ವಿದ್ಯುತ್ ಎಂಜಿನಿಯರ್. ದೇಶದ ವಿದ್ಯುತ್ ಜಾಲ ಹೇಗೆ ನಡೆಯುತ್ತದೆ ಎಂದು ಕಾಲೇಜು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಇಪ್ಪತ್ತು ಪುಟ ಬರೆದಿದ್ದಾರೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು. ಮೂರನೆಯ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ. ‘ಔಟೇಜ್’ (ಕರೆಂಟು ಇಲ್ಲದಾಗುವುದು) ಎಂದಿದ್ದಲ್ಲೆಲ್ಲ ಪತ್ರಿಕೆಗಳ ದಾರಿ ಹಿಡಿದು ‘ವಿದ್ಯುತ್ ವ್ಯತ್ಯಯ’ ಎಂದು ಬರೆದೆ. ಅವರು ಅಷ್ಟಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಯಾವ ವ್ಯತ್ಯಯ?’ ಎಂದು ಬರೆದು ಹಿಂದಿರುಗಿಸಿದರು.

ಮೊದಲು ಸಿಟ್ಟು ಬಂತು. ಜಿಲ್ಲಾ ಪುಟದ ಮೂಲೆಯಲ್ಲಿ ದಿನಾ ಬರುವ ಮಾತಲ್ಲವೇ ಅದು? ‘ನಿರ್ವಹಣಾ ಕಾಮಗಾರಿ ಕೈಗೊಳ್ಳುವುದರಿಂದ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದೆ, ಗ್ರಾಹಕರು ಸಹಕರಿಸಬೇಕು.’ ಏಳು ಗಂಟೆ ಕರೆಂಟು ಇರುವುದೇ ಇಲ್ಲ ಎಂಬುದನ್ನು ಇದಕ್ಕಿಂತ ನಯವಾಗಿ ಹೇಳಲು ಸಾಧ್ಯವಿಲ್ಲ. ಆಮೇಲೆ ಯೋಚಿಸಿದರೆ ತೊಡಕು ಆ ನಯದಲ್ಲೇ ಇದೆ ಅನ್ನಿಸಿತು. ವ್ಯತ್ಯಯ ಎಂದರೆ ಸಂಸ್ಕೃತದಲ್ಲಿ ಅದಲುಬದಲು, ಕ್ರಮ ತಪ್ಪುವುದು. ಇಲ್ಲವಾಗುವುದು ಎಂಬ ಅರ್ಥ ಅದಕ್ಕಿಲ್ಲ. ‘ವ್ಯತ್ಯಯೋ ಬಹುಲಮ್’ ಎಂದು ಪಾಣಿನಿಯ ಮೂರನೆಯ ಅಧ್ಯಾಯದಲ್ಲಿ ಒಂದು ಸೂತ್ರವಿದೆ. ವೇದದ ಭಾಷೆಯಲ್ಲಿ ಕ್ರಿಯಾಪದದ ವಿಕರಣಗಳು, ಎಂದರೆ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಬರುವ ತುಣುಕುಗಳು, ತಮ್ಮ ಜಾಗ ಬಿಟ್ಟು ಅದಲುಬದಲಾಗಿ ಬರುವುದು ಹೇರಳ ಎಂಬುದು ಅದರ ತಾತ್ಪರ್ಯ. ಮೂಡಿಗೆರೆಯಲ್ಲಿ ಜುಲೈ ತಿಂಗಳು ಕಳೆದವರಿಗೆ ಆ ಸೂತ್ರಕ್ಕೆ ಭಾಷ್ಯ ಬೇಕಾಗುವುದಿಲ್ಲ, ಅದು ಬೇರೆ ವಿಷಯ.

ಈಗ ನಮ್ಮ ಮನೆಗಳ ಮಾತಿಗೆ ಬರುತ್ತೇನೆ. ನಾವು ಯಾರೂ ‘ವ್ಯತ್ಯಯವಾಯಿತು’ ಎನ್ನುವುದಿಲ್ಲ. ‘ಕರೆಂಟು ಹೋಯಿತು’ ಎನ್ನುತ್ತೇವೆ, ಇಲ್ಲವೇ ‘ಕರೆಂಟು ತೆಗೆದರು’ ಎನ್ನುತ್ತೇವೆ. ಇವೆರಡೂ ಒಂದೇ ಎಂದು ಐವತ್ತು ವರ್ಷ ತಿಳಿದಿದ್ದೆ. ಒಂದಲ್ಲ. ಮೊದಲನೆಯದರಲ್ಲಿ ಕರೆಂಟೇ ಕರ್ತೃ, ಹೇಳದೆ ಕೇಳದೆ ಎದ್ದು ಹೋಗುವ ನೆಂಟನ ಹಾಗೆ. ಎರಡನೆಯದರಲ್ಲಿ ಹೆಸರಿಲ್ಲದ ಒಬ್ಬ ‘ಅವರು’ ಇದ್ದಾರೆ, ಅವರು ಬೇಕೆಂದೇ ತೆಗೆದಿದ್ದಾರೆ. ಗಾಳಿಗೆ ಕೊಂಬೆ ಬಿದ್ದು ಕತ್ತಲಾದರೆ ಅಜ್ಜಿಯಿಂದ ಮೊಮ್ಮಗನವರೆಗೆ ಯಾರೂ ‘ತೆಗೆದರು’ ಎನ್ನುವುದಿಲ್ಲ. ದಿನಾ ಅದೇ ಹೊತ್ತಿಗೆ ಕತ್ತಲಾಗತೊಡಗಿದರೆ ಮೂರನೆಯ ದಿನದಿಂದ ಯಾರೂ ‘ಹೋಯಿತು’ ಎನ್ನುವುದಿಲ್ಲ. ಗೆಳೆಯರ ಇಂಗ್ಲಿಷಿನಲ್ಲಿ ಇವಕ್ಕೆ ‘ಫೋರ್ಸ್ಡ್’ ಮತ್ತು ‘ಪ್ಲ್ಯಾನ್ಡ್’ ಎಂಬ ಎರಡು ವಿಶೇಷಣಗಳು ಬೇಕಾಗಿವೆ. ನಮಗೆ ಎರಡು ಕ್ರಿಯಾಪದಗಳು ಸಾಕು. ಪತ್ರಿಕೆಯ ‘ಉಂಟಾಗಲಿದೆ’ ಮಾತ್ರ ತೆಗೆಯುವವರನ್ನೂ ಮರೆಮಾಡಿ, ಅದೇನೋ ಗ್ರಹಣದ ಹಾಗೆ ತಾನಾಗಿ ಆಗುವಂಥದ್ದು ಎಂಬಂತೆ ಮಾಡುತ್ತದೆ.

ಇನ್ನೂ ಒಂದು ಅನುಮಾನವಿದೆ, ಬಲ್ಲವರು ತಿದ್ದಬೇಕು. ಈ ಕ್ರಿಯಾಪದಗಳ ಬಳಕೆ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲೂ ನೆಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ನನಗನ್ನಿಸುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ, ಕೊಳವೆಬಾವಿ. ಅಲ್ಲಿ ದಿನ ನಡೆಯುವುದೇ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಡುವ ಸಮಯದ ಮೇಲೆ. ನನ್ನ ಅತ್ತಿಗೆಯ ತವರು ಅಲ್ಲಿ. ಫೋನಿನಲ್ಲಿ ಅವರ ಮೊದಲ ಮಾತು ‘ಈ ವಾರ ರಾತ್ರಿ ಕೊಡುತ್ತಿದ್ದಾರೆ, ನಿದ್ದೆಯಿಲ್ಲ’. ಕೊಡುತ್ತಾರೆ, ತೆಗೆಯುತ್ತಾರೆ, ಕರೆಂಟು ಅಲ್ಲಿ ನಾಲೆಯ ನೀರಿನ ಸರದಿ ಇದ್ದ ಹಾಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬನ್ನಿ: ಕಾಫಿಗೆ ನೆರಳು ಕೊಡುವ ಮರಗಳ ನಡುವೆಯೇ ತಂತಿ ಹಾದು ಹೋಗುತ್ತದೆ, ಮಳೆಗಾಲದಲ್ಲಿ ಗಾಳಿಯದೇ ದರ್ಬಾರು. ಇಲ್ಲಿ ಕರೆಂಟು ಬರುತ್ತದೆ, ಹೋಗುತ್ತದೆ. ಬೈಯುವುದಾದರೂ ಸಿಲ್ವರ್ ಓಕನ್ನೇ ಬೈಯುತ್ತೇವೆ. ಜೊತೆಗೆ ‘ವಿದ್ಯುತ್’ ಎಂದರೆ ಮೂಲದಲ್ಲಿ ಮಿಂಚು. ಗುಡುಗು ಮಿಂಚಿನ ಸಂಜೆ ಮಲೆನಾಡಿನಲ್ಲಿ ವಿದ್ಯುತ್ತು ಬಂದೊಡನೆ ವಿದ್ಯುತ್ತು ಹೋಗುತ್ತದೆ!

ಗೆಳೆಯರಿಗೆ ಇಷ್ಟನ್ನು ಉತ್ಸಾಹದಿಂದ ಒಪ್ಪಿಸಿದೆ. ಅವರು ಕಾಫಿ ಮುಗಿಸಿ, ‘2012ರಲ್ಲಿ ಉತ್ತರ ಭಾರತದಲ್ಲಿ ಆದದ್ದಕ್ಕೆ ಎರಡರಲ್ಲಿ ಯಾವುದನ್ನು ಹಾಕುತ್ತೀರಿ?’ ಎಂದರು.

ನೆನಪಿರಬಹುದು. ಆ ವರ್ಷ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ ಕಡಿದುಕೊಂಡಿತು. ಅದು ಹೊತ್ತಿದ್ದ ಹೊರೆ ಪಕ್ಕದ ಮಾರ್ಗಗಳ ಹೆಗಲಿಗೆ ಬಿತ್ತು, ಅವೂ ಒಂದರ ಹಿಂದೊಂದು ಸೋತವು, ಉತ್ತರದ ಜಾಲವೇ ಕುಸಿಯಿತು. ಮಾರನೆಯ ದಿನ ಮಧ್ಯಾಹ್ನ ಉತ್ತರದ ಜೊತೆ ಪೂರ್ವ, ಈಶಾನ್ಯ ಜಾಲಗಳೂ ಬಿದ್ದು, 60 ಕೋಟಿಗೂ ಹೆಚ್ಚು ಜನರಿರುವ ರಾಜ್ಯಗಳು ಕತ್ತಲಾದವು. ಅಲ್ಲಿ ಯಾರೂ ಬೇಕೆಂದು ತೆಗೆಯಲಿಲ್ಲ. ಹಾಗೆಂದು ತಾನಾಗಿ ಹೋದದ್ದೂ ಅಲ್ಲ. ಪ್ರತಿ ಮಾರ್ಗಕ್ಕೂ ಕಾವಲಿಗಿದ್ದ ರಿಲೇಗಳು, ಮಿತಿ ಮೀರಿತು ಎಂದು ಕಂಡೊಡನೆ ತಮ್ಮ ಮಾರ್ಗವನ್ನು ಜಾಲದಿಂದ ಬಿಡಿಸಿಬಿಟ್ಟವು. ಅವುಗಳ ಕೆಲಸವೇ ಅದು. ಇದಕ್ಕೆ ಊರಿನ ಲೈನ್‌ಮನ್ ‘ಟ್ರಿಪ್ ಆಯಿತು’ ಎನ್ನುತ್ತಾನೆ. ಮೂರು ದಿನ ತಡಕಾಡಿ ನಾನು ಹಾಕಿದ ಕ್ರಿಯಾಪದ ‘ಕಳಚಿಕೊಂಡಿತು’. ಕನ್ನಡದ ‘ಕೊಳ್ಳು’ ಇರುವುದೇ ಇಂಥ ಕಡೆಗೆ. ತನ್ನ ಪಾಡಿಗೆ, ತನ್ನ ಒಳಿತಿಗೆ ತಾನೇ ಮಾಡಿದ್ದು ಎಂಬ ಅರ್ಥವನ್ನು ಅದು ಒಂದೇ ಉಸಿರಿನಲ್ಲಿ ಕೊಡುತ್ತದೆ. ಹೋಯಿತು, ತೆಗೆದರು, ಕಳಚಿಕೊಂಡಿತು: ಮೂರಕ್ಕೂ ‘ವ್ಯತ್ಯಯ’ ಎಂದೇ ಬರೆದರೆ ಓದುವ ಹುಡುಗನಿಗೆ ಜಾಲ ಹೇಗೆ ಬೀಳುತ್ತದೆ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಆ ಎರಡು ದಿನ ನಮ್ಮ ಕಡೆ ಆ ಕತ್ತಲು ತಟ್ಟಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಉಳಿದ ದೇಶದೊಂದಿಗೆ ತಾಳ ಕೂಡಿಸಿರಲಿಲ್ಲ. ತಾಳ ಎಂದರೆ ಪರ್ಯಾಯ ವಿದ್ಯುತ್ತು (ಎಸಿ) ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತದೆ ಎಂಬ ಲೆಕ್ಕ. ನಡುವೆ ತಾಳ ಕೂಡಬೇಕಿಲ್ಲದ ನೇರ ವಿದ್ಯುತ್ತಿನ (ಡಿಸಿ) ಸೇತುವೆಗಳು ಮಾತ್ರ ಇದ್ದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದಿಂದ ಕೂಡಿಕೆ ಆಯಿತು. ಅಂದಿನಿಂದ ಬೇಲೂರೂ ಜಮ್ಮುವೂ ಸೆಕೆಂಡಿಗೆ 50ರ ಒಂದೇ ತಾಳದಲ್ಲಿವೆ. ಕೊರತೆಯಾದರೆ ದೂರದಿಂದ ನೆರವು ಬರುತ್ತದೆ, ತಾಳ ತಪ್ಪಿದರೆ ದೂರದ ಪೆಟ್ಟೂ ಬರುತ್ತದೆ. ‘ಜಾಲ’ ಎಂಬ ಪದ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬಲೆಯ ಒಂದು ಮೂಲೆ ಎಳೆದರೆ ಎಲ್ಲ ಕಣ್ಣೂ ಅಲುಗುತ್ತದೆ. ಆದ್ದರಿಂದ ‘ಗ್ರಿಡ್’ ಬೇಕು ಎನ್ನುವವರ ಜೊತೆ ನನಗೆ ಜಗಳವಿಲ್ಲದಿದ್ದರೂ ‘ಜಾಲ’ವನ್ನು ಬಿಡುವುದಿಲ್ಲ.

‘ಲೋಡ್ ಶೆಡ್ಡಿಂಗ್’ ವಿಷಯದಲ್ಲೂ ಕನ್ನಡ ಪತ್ರಿಕೆಗಳ ‘ಕಡಿತ’ ಅರ್ಧ ಮಾತ್ರ ಹೇಳುತ್ತದೆ. ಗ್ರಾಹಕನ ಕಡೆಯಿಂದ ನೋಡಿದರೆ ಕಡಿತವೇ. ಜಾಲದ ಕಡೆಯಿಂದ ನೋಡಿದರೆ ಅದು ಹೊರೆ ಇಳಿಸುವುದು. ಬೇಡಿಕೆ ಹೆಚ್ಚಾಗಿ ತಾಳ 50ಕ್ಕಿಂತ ಕೆಳಗೆ ಜಾರತೊಡಗಿದಾಗ ಸ್ವಲ್ಪ ಹೊರೆ ಇಳಿಸದಿದ್ದರೆ ಹೊತ್ತವನೇ ಬೀಳುತ್ತಾನೆ. ಹಳೆಯ ದಾರಿಗಳ ಬದಿಯಲ್ಲಿ ತಲೆಹೊರೆ ಇಳಿಸಲು ಕಲ್ಲು ನಿಲ್ಲಿಸುತ್ತಿದ್ದ ಸೀಮೆಯವರು ನಾವು. ‘ಹೊರೆ ಇಳಿಕೆ’ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ.

ಈಗ ನನ್ನನ್ನು ನಿಜವಾಗಿ ಕಾಡುತ್ತಿರುವ ಪದ. ಕಳೆದ ಮಳೆಗಾಲ, ನಮ್ಮ ಮನೆಯಲ್ಲಿ ಕತ್ತಲೆಯ ಮೂರನೆಯ ರಾತ್ರಿ. ಕಚೇರಿಗೆ ಫೋನು ಮಾಡಿ ಮಾಡಿ ಸಾಕಾಗಿತ್ತು. ಕೊನೆಗೆ ಪವರ್‌ಮ್ಯಾನ್ ಹುಡುಗನೊಬ್ಬ ರೇನ್‌ಕೋಟು ಹಾಕಿಕೊಂಡು, ಕಾಲಿಗೆ ಇಂಬಳ ಹತ್ತಿಸಿಕೊಂಡು ತೋಟದೊಳಗಿನ ಮಾರ್ಗ ನೋಡಿಕೊಂಡು ಬಂದ. ನಮ್ಮ ಜಗಲಿಯಲ್ಲಿ ನಿಂತು ಸಬ್‌ಸ್ಟೇಷನ್ನಿಗೆ ಮೊಬೈಲಿನಲ್ಲಿ ‘ಎಲ್‌ಸಿ ವಾಪಸ್, ಚಾರ್ಜ್ ಮಾಡಿ’ ಎಂದ. ಎಲ್‌ಸಿ ಎಂದರೆ ‘ಲೈನ್ ಕ್ಲಿಯರ್’, ಕರೆಂಟು ತೆಗೆಸಿ ಮಾರ್ಗದಲ್ಲಿ ಕೆಲಸ ಮಾಡುವ ಅನುಮತಿ; ಚಾರ್ಜ್ ಎಂದರೆ ಮತ್ತೆ ಕರೆಂಟು ಹರಿಸುವುದು. ಎರಡು ಕ್ಷಣ ಕಿವಿಗೊಟ್ಟು, ‘ನಿಲ್ಲುತ್ತಿಲ್ಲವೇ? ಹಾಗಾದರೆ ಹಳ್ಳದಾಚೆ ಜಿಓಎಸ್ ಬಿಡಿಸುತ್ತೇನೆ’ ಎಂದು, ಕಂಬದ ಮೇಲಿನ ಆ ಸ್ವಿಚ್ಚು ಹುಡುಕಿಕೊಂಡು ಮತ್ತೆ ಮಳೆಗಿಳಿದ. ಮುಕ್ಕಾಲು ಗಂಟೆಯ ಮೇಲೆ ಬೇಲಿಯ ಆಚೆಯಿಂದ ಕೂಗಿದ: ‘ಲೈನ್ ನಿಂತಿತು!’ ಒಳಗಿದ್ದ ನನ್ನ ತಾಯಿ ಉಟ್ಟ ಸೆರಗಿನಲ್ಲೇ ಕಣ್ಣೊರೆಸಿಕೊಂಡು, ‘ಅಯ್ಯೋ, ಮತ್ತೆ ನಿಂತಿತೇ?’ ಎಂದರು. ಅಷ್ಟರಲ್ಲಿ ಅಡುಗೆಮನೆಯ ದೀಪ ಹತ್ತಿತು.

ಅವನಿಗೆ ನಿಲ್ಲುವುದೆಂದರೆ ಬೀಳದೆ ತಾಳಿಕೊಳ್ಳುವುದು. ತಾಯಿಗೆ ನಿಲ್ಲುವುದೆಂದರೆ ಬಾರದಾಗುವುದು. ಪತ್ರಿಕೆಯ ‘ವಿದ್ಯುತ್ ನಿಲುಗಡೆ’ ತಾಯಿಯ ಪಕ್ಷ. ಆದರೆ ಗೆಳೆಯರ ಇಪ್ಪತ್ತು ಪುಟಗಳ ಜೀವಾಳ ಇರುವುದು ಲೈನ್‌ಮನ್‌ನ ‘ನಿಲ್ಲು’ವಿನಲ್ಲಿ.

ಆ ಗುಣಕ್ಕೆ ಅವರ ಇಂಗ್ಲಿಷಿನಲ್ಲಿ ‘ರಿಲಯಬಲ್’ ಎಂದಿದೆ. ಅದನ್ನು ‘ವಿಶ್ವಾಸಾರ್ಹ’ ಎಂದರೆ ಕೋರ್ಟಿನ ಸಾಕ್ಷಿಯ ನೆನಪಾಗುತ್ತದೆ. ‘ನೆಚ್ಚು’ ಒಳ್ಳೆಯ ಧಾತು, ಆದರೆ ‘ನೆಚ್ಚಿನ’ ಎಂದೊಡನೆ ನಟರು, ಕ್ರಿಕೆಟ್ ಆಟಗಾರರು ಬಂದು ಕೂರುತ್ತಾರೆ. ಸದ್ಯಕ್ಕೆ ‘ಕೈಕೊಡದ ಜಾಲ’ ಎಂದು ಬರೆದಿದ್ದೇನೆ. ಮಕ್ಕಳು ನಗಬಹುದು, ಆದರೆ ಅರ್ಥವಾಗದೆ ಇರುವುದಿಲ್ಲ.

‘ಇಂಧನ ಭದ್ರತೆ’ ಬಗ್ಗೆ ಎರಡೇ ಮಾತು. ಇಂಧನ ಎಂದರೆ ಉರಿಸುವಂಥದ್ದು, ಸೌದೆ. ಶರಾವತಿಯ ನೀರೂ ಪಾವಗಡದ ಬಿಸಿಲೂ ಉರಿಸುವಂಥವಲ್ಲ, ಆದರೂ ಎಲ್ಲವೂ ಇಂಧನ ಇಲಾಖೆಯ ಕಡತದಲ್ಲೇ ಇವೆ. ಕಚ್ಚಾ ತೈಲದ ನೂರರಲ್ಲಿ 85 ಪಾಲಿಗಿಂತ ಹೆಚ್ಚನ್ನು ಹೊರಗಿನಿಂದ ತರುವ ದೇಶಕ್ಕೆ ‘ಇಂಧನ ಭದ್ರತೆ’ ಎಂಬ ಮಾತು ಖಂಡಿತ ಬೇಕು. ಆದರೆ ರಾಯಚೂರಿನಲ್ಲಿ ಕಲ್ಲಿದ್ದಲು ರಾಶಿ ಬಿದ್ದಿದ್ದರೂ ಮೂಡಿಗೆರೆಯಲ್ಲಿ ಕತ್ತಲಿರಬಹುದಲ್ಲ, ಆ ಇನ್ನೊಂದು ಭದ್ರತೆಗೆ ಬೇರೆ ಹೆಸರು ಬೇಡವೇ? ನಾನು ‘ಜಾಲಭದ್ರತೆ’ ಎಂದಿದ್ದೇನೆ. ಕರೆಂಟು ಬಿಲ್ಲಿನಲ್ಲಿ ಭದ್ರತೆ ಎಂದರೆ ನಾವೇ ಕಟ್ಟುವ ಠೇವಣಿ ಎಂದು ಗೆಳೆಯರು ತಮಾಷೆ ಮಾಡಿದರು.

ಬಳಗದವರಲ್ಲಿ ಕೇಳುವುದಿಷ್ಟು. ‘ಕೊಡುತ್ತಾರೆ, ತೆಗೆಯುತ್ತಾರೆ’ ಮತ್ತು ‘ಬರುತ್ತದೆ, ಹೋಗುತ್ತದೆ’ ಎಂಬ ಗೆರೆ ಬೇರೆ ಜಿಲ್ಲೆಗಳಲ್ಲೂ ಇದೆಯೇ? ನಾಲೆ ನೀರಾವರಿಯ ಮಂಡ್ಯದಲ್ಲಿ ಏನು ಹೇಳುತ್ತಾರೆ, ಕರಾವಳಿಯಲ್ಲಿ ಏನು ಹೇಳುತ್ತಾರೆ? 1999ರಲ್ಲೇ ಇಲ್ಲವಾದ ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ನಮ್ಮಲ್ಲಿ ‘ಕೆಇಬಿ ಕಂಬ’ ಎಂಬ ಮಾತಿನಲ್ಲಿ ಇನ್ನೂ ಉಳಿದಿದೆ, ನಿಮ್ಮಲ್ಲೂ ಉಂಟೇ? ಮುಖ್ಯವಾಗಿ, ಬೀಳದೆ ತಾಳಿಕೊಳ್ಳುವ ಆ ‘ನಿಲ್ಲು’ವಿಗೆ, ನನ್ನ ತಾಯಿ ಗಾಬರಿಯಾಗದಂಥ ಬೇರೊಂದು ಕ್ರಿಯಾಪದ ಯಾರ ಊರಿನಲ್ಲಾದರೂ ಬಳಕೆಯಲ್ಲಿದೆಯೇ? ಪುಸ್ತಿಕೆ ಅಚ್ಚಿಗೆ ಹೋಗಲು ಇನ್ನು ಮೂರು ವಾರವಿದೆ. ಉತ್ತರ ತಡವಾದರೆ ಇಲ್ಲಿ ಕರೆಂಟು ಇಲ್ಲದೆ ಮೊಬೈಲು ಸತ್ತಿದೆ ಎಂದು ತಿಳಿಯಿರಿ, ಮತ್ತೊಮ್ಮೆ ಬರೆಯಿರಿ.