ಗಡ್ಡೆಯ ತುಣುಕು, ಎನ್‌ಎಂಆರ್ ಮತ್ತು ಒಂದಾಗಿಹೋದ ಕೋಲೀನ್ ಪೀಕುಗಳು

ಸ್ತನದ ಗಡ್ಡೆಯ ತುಣುಕುಗಳನ್ನು 500 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರದಲ್ಲಿ (ಆಯಸ್ಕಾಂತ, ರೇಡಿಯೋ ಅಲೆಗಳಿಂದ ಅಣುಗಳನ್ನು ಗುರುತಿಸುವ ಯಂತ್ರ), ಮ್ಯಾಜಿಕ್ ಆಂಗಲ್ ಸ್ಪಿನ್ನಿಂಗ್ ಹಾಕಿ, ಅಂದರೆ ಓರೆಯಾಗಿಟ್ಟು ಜೋರಾಗಿ ತಿರುಗಿಸಿ ನೋಡುತ್ತಿದ್ದೇನೆ. ತುಣುಕು 20 ಮಿಲಿಗ್ರಾಂ. 3.2 ಪಿಪಿಎಂ (ಗ್ರಾಫಿನಲ್ಲಿ ಪೀಕಿನ ಜಾಗ ಹೇಳುವ ಅಳತೆ) ಹತ್ತಿರ ಕೋಲೀನ್, ಫಾಸ್ಫೋಕೋಲೀನ್, ಗ್ಲಿಸರೋಫಾಸ್ಫೋಕೋಲೀನ್ ಮೂರೂ ಸೇರಿ ಒಂದೇ ಗುಡ್ಡ. ಲ್ಯಾಕ್ಟೇಟ್ ಪೀಕು ಅಂತೂ ಕೊಬ್ಬಿನ ಪೀಕಿನ ಅಡಿ ಸಿಕ್ಕಿಕೊಂಡಿದೆ. ಸ್ಕ್ಯಾನ್ ಜಾಸ್ತಿ ಮಾಡಿದೆ, ಪ್ರಯೋಜನ ಆಗಲಿಲ್ಲ. ಈ ಕೆಲಸ ಮಾಡಿದವರು ಅನುಭವ ಹೇಳಿ.

*

ಸ್ಕ್ಯಾನ್ ಹೆಚ್ಚಿಸಿದರೆ ನಾಯ್ಸ್ ಇಳಿಯುತ್ತದೆ ಅಷ್ಟೇ. ಅದೂ ನಾಲ್ಕು ಪಟ್ಟು ಸ್ಕ್ಯಾನ್ ಹಾಕಿದರೆ ಎರಡು ಪಟ್ಟು ಲಾಭ. ಅಂಟಿಕೊಂಡ ಪೀಕು ಅದರಿಂದ ಬಿಡಿಯಾಗುವುದಿಲ್ಲ.

ನಿಮ್ಮ ಯಂತ್ರದಲ್ಲಿ 0.01 ಪಿಪಿಎಂ ಅಂದರೆ ಬರೀ 5 ಹರ್ಟ್ಸ್. ಕೋಲೀನ್ ಅಣ್ಣತಮ್ಮಂದಿರ ನಡುವೆ ಇರುವ ಜಾಗವೇ ಅಷ್ಟು. ಮೊದಲು 1.48ರಲ್ಲಿ ಅಲನೀನ್ (ಒಂದು ಅಮೈನೋ ಆಮ್ಲ) ಜೋಡಿ ಪೀಕು ನೋಡಿ. ಆ ಎರಡು ತುದಿಗಳ ನಡುವೆ ಸುಮಾರು 7 ಹರ್ಟ್ಸ್ ಇರುತ್ತದೆ. ನಡುವಿನ ತಗ್ಗು ಚೆನ್ನಾಗಿ ಕೆಳಗಿಳಿಯದಿದ್ದರೆ ಕೋಲೀನ್ ಆಸೆ ಬಿಟ್ಟು ರೋಟರ್ (ತುಣುಕು ತುಂಬಿ ತಿರುಗಿಸುವ ಪುಟ್ಟ ಕೊಳವೆ) ಹೊರಗೆ ತೆಗೆಯಿರಿ. ನನಗೆ ಬಹಳ ಸಲ ಸಿಕ್ಕಿದ ಕಳ್ಳ ಒಂದೇ: ಗಾಳಿಗುಳ್ಳೆ. ಭಾರಜಲದ ಬಫರ್ ಹಾಕುವಾಗ ಸೂಜಿಯನ್ನು ತಳದಿಂದ ಮೇಲಕ್ಕೆ ಎಳೆಯುತ್ತಾ ತುಂಬಿ. ಆಮೇಲೆ ಶಿಮ್ ಮಾಡಿ, ಅಂದರೆ ಆಯಸ್ಕಾಂತ ಕ್ಷೇತ್ರವನ್ನು ಎಲ್ಲ ಕಡೆ ಸಮ ಮಾಡಿ.

ಸ್ಪಿನ್ ಎಷ್ಟು ಇಟ್ಟಿದ್ದೀರಿ? 2 ಕಿಲೋಹರ್ಟ್ಸ್ ಇಟ್ಟರೆ ನೀರಿನ ಸೈಡ್‌ಬ್ಯಾಂಡ್ (ತಿರುಗುವುದರಿಂದ ಬರುವ ನಕಲಿ ಪೀಕು) ನೀರಿನ ಪೀಕಿನಿಂದ 4 ಪಿಪಿಎಂ ಆಚೆ, ಸರಿಯಾಗಿ ಕೊಬ್ಬಿನ ಪೀಕುಗಳ ನಡುವೆ ಬಂದು ಕೂರುತ್ತದೆ. 5 ಇಟ್ಟರೆ 10 ಪಿಪಿಎಂ ದೂರ ಹೋಗುತ್ತದೆ, ಕಾಟ ಇಲ್ಲ. ತಾಪಮಾನ 4-5 ಡಿಗ್ರಿ ಇರಲಿ. ಬೆಚ್ಚಗೆ ತಿರುಗಿಸಿದರೆ ಎನ್‌ಜೈಮ್‌ಗಳು ಒಳಗೇ ಕೆಲಸ ಶುರು ಮಾಡುತ್ತವೆ.

*

ನನ್ನ ತಲೆನೋವು ಯಂತ್ರದಲ್ಲಿ ಇರಲಿಲ್ಲ, ಆಪರೇಷನ್ ಥಿಯೇಟರ್‌ನಲ್ಲಿತ್ತು. ಟ್ರೇಯಲ್ಲಿ ಬಿದ್ದ ತುಣುಕು ಇನ್ನೂ ಸತ್ತಿರುವುದಿಲ್ಲ. ಆಮ್ಲಜನಕ ಇಲ್ಲದೆ ಗ್ಲುಕೋಸ್ ಸುಡುತ್ತಾ ಹೋಗುತ್ತದೆ, ಲ್ಯಾಕ್ಟೇಟ್ ಏರುತ್ತದೆ. ನೀವು ಅಳೆಯುವುದು ಗಡ್ಡೆಯನ್ನಲ್ಲ, ನರ್ಸ್ ಎಷ್ಟು ಹೊತ್ತು ಕಾದರು ಅನ್ನುವುದನ್ನು! ದ್ರವ ನೈಟ್ರೋಜನ್ ಫ್ಲಾಸ್ಕ್ ಅನ್ನು ಥಿಯೇಟರ್ ಬಾಗಿಲಿಗೇ ಒಯ್ಯಿರಿ. ಕತ್ತರಿಸಿದ ಹೊತ್ತು, ಮುಳುಗಿಸಿದ ಹೊತ್ತು ಎರಡನ್ನೂ ವಯಲ್ ಮೇಲೆ ಬರೆಯಿರಿ. ಆಮೇಲೆ ಮೈನಸ್ 80ರಲ್ಲಿಡಿ. ತುಂಡು ಮಾಡುವಾಗ ತಟ್ಟೆ, ಬ್ಲೇಡ್ ಎರಡೂ ತಣ್ಣಗಿರಲಿ.

ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. 1.18ರಲ್ಲಿ ಚೆಂದದ ಟ್ರಿಪ್ಲೆಟ್ (ಮೂರು ತುದಿಯ ಪೀಕು), 3.65ರಲ್ಲಿ ಕ್ವಾರ್ಟೆಟ್ (ನಾಲ್ಕು ತುದಿಯದು) ಬಂತು. ಹೊಸದೇನೋ ಸಿಕ್ಕಿತು ಅಂತ ಎರಡು ದಿನ ಕುಣಿದೆವು. ಅದು ಎಥನಾಲ್. ಚರ್ಮ ಒರೆಸಿದ ಸ್ಪಿರಿಟ್!

*

ಕೊಬ್ಬಿನ ಬಗ್ಗೆ ಯಾರೂ ಹೇಳಲಿಲ್ಲ. ಸಿಪಿಎಂಜಿ (ಬೇಗ ಆರಿಹೋಗುವ ಸಿಗ್ನಲ್‌ಗಳನ್ನು ಅಳಿಸುವ ಪಲ್ಸ್ ಸರಣಿ) ಹಾಕಿದರೆ ಪ್ರೋಟೀನಿನ ಅಗಲ ಗುಡ್ಡ ಹೋಗುತ್ತದೆ. ಆದರೆ ಸ್ತನದ ಕೊಬ್ಬು ಎಣ್ಣೆಯ ಹಾಗೆ ಓಡಾಡುವಂಥದ್ದು, ಸುಲಭಕ್ಕೆ ಸಾಯುವುದಿಲ್ಲ. ಸಿಪಿಎಂಜಿಯ ಎಕೋ ಸಮಯ (ಸಿಗ್ನಲ್ ಹಿಡಿಯುವ ಮುಂಚೆ ಕಾಯುವ ಹೊತ್ತು) ಉದ್ದ ಮಾಡಿ ನೋಡಿ. ಎಲ್ಲ ಮೆಟಾಬೊಲೈಟ್‌ಗಳೂ (ಕೋಲೀನ್, ಲ್ಯಾಕ್ಟೇಟ್‌ನಂಥ ಸಣ್ಣ ಅಣುಗಳು) ಒಂದೇ ಸಮ ಕುಗ್ಗುವುದಿಲ್ಲ, ಆದ್ದರಿಂದ ಪ್ರಮಾಣ ಹೇಳುವಾಗ ಹುಷಾರು. ಲ್ಯಾಕ್ಟೇಟ್ ಇದೆಯೋ ಇಲ್ಲವೋ ಅಂತ ತಿಳಿಯಲು ಟಾಕ್ಸಿ (TOCSY, ಒಂದೇ ಅಣುವಿನ ಪೀಕುಗಳ ನಂಟನ್ನು ಚುಕ್ಕೆಯಾಗಿ ತೋರಿಸುವ ಎರಡು ಆಯಾಮದ ಪ್ರಯೋಗ) ಮಾಡಿ. 1.33 ಮತ್ತು 4.11 ಸೇರುವ ಕಡೆ ಚುಕ್ಕೆ ಬಂದರೆ ಅದು ಲ್ಯಾಕ್ಟೇಟೇ. ಕೆಲಸ ಮುಗಿದ ಮೇಲೆ ತುಣುಕನ್ನು ಎಸೆಯಬೇಡಿ, ಪೆಥಾಲಜಿಗೆ ಕೊಡಿ. ಅರ್ಧ ಗಡ್ಡೆ, ಅರ್ಧ ಕೊಬ್ಬು ಇದ್ದರೆ ಆಗ ಗೊತ್ತಾಗುತ್ತದೆ.

*

ಎಲ್ಲರಿಗೂ ಥ್ಯಾಂಕ್ಸ್. ರೋಟರ್ ಬಿಚ್ಚಿದೆ, ಗಾಳಿಗುಳ್ಳೆ ಇತ್ತು! ಮತ್ತೆ ತುಂಬಿ ಶಿಮ್ ಮಾಡಿದ ಮೇಲೆ ಗುಡ್ಡದಲ್ಲಿ ಎರಡು ತುದಿ ಕಾಣಿಸುತ್ತಿವೆ. ಮೂರನೆಯದು ಇನ್ನೂ ಬಂದಿಲ್ಲ. ಹಳೇ ವಯಲ್‌ಗಳ ಮೇಲೆ ಹೊತ್ತು ಬರೆದಿಲ್ಲ, ಅದಕ್ಕೇನು ಮಾಡುವುದೋ ಗೊತ್ತಿಲ್ಲ.