ಮರಿ ಕುದುರೆಯ ಬೆನ್ನೇರುವ ಮುಂಚೆ: ಈ ವಾರದ ಪ್ರಶ್ನೋತ್ತರ

ನಿರ್ವಾಹಕರು: ಈ ವಾರದ ವಿಷಯ, ಸವಾರಿಗೆ ಮುಂಚೆ ಮರಿಯ ನಂಬಿಕೆ ಗಳಿಸೋದು. ಅಶ್ವ ತರಬೇತುದಾರರಾದ ಮೇಡಂ ಉತ್ತರಿಸ್ತಾರೆ. ವಯಸ್ಸು, ತಳಿ, ಇಲ್ಲಿವರೆಗೆ ಏನೇನು ಮಾಡಿದ್ದೀರಿ ಅಂತ ಬರೆದು ಕೇಳಿ.

ಮಂಡ್ಯದ ಸದಸ್ಯರು: ನಮಸ್ಕಾರ ಮೇಡಂ. ನಮ್ಮ ಹೆಣ್ಣು ಮರಿಗೆ 2 ವರ್ಷ ತುಂಬಿತು. ಒಳ್ಳೆ ಎತ್ತರ ಬಂದಿದೆ. ಹತ್ತಬಹುದಾ?

ಮೇಡಂ: ನಮಸ್ಕಾರ. ಈಗಲೇ ಬೇಡ. ಎತ್ತರ ನೋಡಿ ಮೋಸ ಹೋಗಬೇಡಿ. ಮುಂಗಾಲ ಮಂಡಿಯ ಮೇಲಿನ ಎಲುಬಿನ ಬೆಳೆಯುವ ತುದಿ ಗಟ್ಟಿಯಾಗೋಕೆ ಸುಮಾರು ಎರಡೂವರೆ ವರ್ಷ ಬೇಕು, ಬೆನ್ನುಮೂಳೆಗೆ ಐದು ದಾಟಬೇಕು. ಸದ್ಯಕ್ಕೆ ಹಾಲ್ಟರ್ (ಬಾಯಿಗೆ ಕಬ್ಬಿಣವಿಲ್ಲದ ತಲೆಪಟ್ಟಿ) ಹಾಕಿ ನಡೆಸಿ, ನಾಲ್ಕೂ ಗೊರಸು ಎತ್ತಿ ಕೊಡೋದು ಕಲಿಸಿ.

ಚಿಕ್ಕಮಗಳೂರಿನ ಸದಸ್ಯರು: ಮೇಡಂ, ಮಾರ್ವಾಡಿ ತಳಿಯ ಗಂಡು, ಬೀಜ ಒಡೆಸಿಲ್ಲ. ಮೂರೂವರೆ ವರ್ಷ, ಜೀನು ಕಂಡೇ ಇಲ್ಲ ಅಂತ ಹೇಳಿ ಮಾರಿದ್ರು. ತಂದು 2 ತಿಂಗಳಾಯ್ತು. ಮೈ ಉಜ್ಜಿಸ್ಕೊಳ್ತಾನೆ, ಗೊರಸು ಕೊಡ್ತಾನೆ, ಕಂಬಳಿ ಹಾಕಿದ್ರೆ ಕಲ್ಲಿನ ಥರ ನಿಲ್ತಾನೆ. ಜೀನಿನ ಹೊಟ್ಟೆಪಟ್ಟಿ ಬಿಗಿದು ನಾಲ್ಕು ಹೆಜ್ಜೆ ನಡೆಸಿದ್ರೆ ಬೆನ್ನು ಬಿಲ್ಲಾಗಿ ಎಗರ್ತಾನೆ. ನಂಬಿಕೆ ಬಂದಿದೆ ಅಂದ್ಕೊಂಡಿದ್ವಿ.

ಮೇಡಂ: ‘ಕಲ್ಲಿನ ಥರ’ ಅಂದಿರಲ್ಲ, ನನಗೆ ಆತಂಕ ಆಗಿದ್ದು ಆ ಮಾತಿಗೇ. ಅದು ನಂಬಿಕೆ ಅಲ್ಲ, ಹೆದರಿ ಮರಗಟ್ಟಿರೋದು. ಮಾರ್ವಾಡಿ ಕಿವಿ ಒಳಕ್ಕೆ ಬಾಗಿರೋದ್ರಿಂದ ಸದಾ ಚುರುಕಾಗಿರೋ ಹಾಗೆ ಕಾಣುತ್ತೆ. ಕಿವಿಯೊಂದನ್ನೇ ನಂಬಬೇಡಿ, ಮುಖ ನೋಡಿ. ನಿರಾಳವಾಗಿ ನಿಂತ ಮರಿ ಕಣ್ಣು ಮಿಟುಕಿಸುತ್ತೆ, ಕೆಳತುಟಿ ಜೋತು ಬೀಳುತ್ತೆ, ಒಂದು ಹಿಂಗಾಲು ಸಡಿಲ ಬಿಡುತ್ತೆ. ಹೆದರಿದ್ದು ಕಣ್ಣು ಮಿಟುಕಿಸಲ್ಲ, ಹೊಳ್ಳೆ ಸುಕ್ಕುಗಟ್ಟಿರುತ್ತೆ, ಬಾಲ ಒಳಕ್ಕೆ ಒತ್ತಿರುತ್ತೆ. ಪಕ್ಕೆ ನೋಡಿ ಉಸಿರು ಎಣಿಸಿ. ಸುಮ್ಮನಿದ್ದಾಗ ನಿಮಿಷಕ್ಕೆ 8ರಿಂದ 16 ಇರಬೇಕು. ಇವನು ಉಸಿರು ಹಿಡಿದಿರ್ತಾನೆ, ನಡೆಸಿದ ಕೂಡಲೇ ಅದು ಒಡೆಯುತ್ತೆ.

ಜೀನು ಎತ್ತಿಡಿ. ಮೊದಲು ನೋವಿದೆಯಾ ನೋಡಿ. ಹೆಗಲ ಏಣಿನಿಂದ (ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬು) ಸೊಂಟದವರೆಗೆ, ಬೆನ್ನೆಲುಬಿನ ಎರಡೂ ಕಡೆ, ಮಾವು ಹಣ್ಣಾಗಿದೆಯಾ ಅಂತ ಅದುಮುವಷ್ಟು ಒತ್ತಡದಲ್ಲಿ ಬೆರಳು ಓಡಿಸಿ. ಮುಂಗಾಲ ಹಿಂದೆ ಪಟ್ಟಿ ಕೂರುವ ಜಾಗವನ್ನೂ ಮುಟ್ಟಿ ನೋಡಿ. ಬೆನ್ನು ಕುಗ್ಗಿಸಿದ, ಬಾಲ ಬೀಸಿದ ಅಂದ್ರೆ ಅಲ್ಲಿ ಬಿಳಿ ಕೂದಲಿದೆಯಾ ಹುಡುಕಿ. ವಯಸ್ಸು ಖಾತ್ರಿ ಮಾಡ್ಕೊಳ್ಳೋಕೆ, ಕೆಳದವಡೆಯ ಮುಂಹಲ್ಲಲ್ಲಿ ದೊಡ್ಡವು (ಹಾಲುಹಲ್ಲು ಬಿದ್ದ ಮೇಲೆ ಬರೋವು) ಎಷ್ಟು ಬಂದಿವೆ ಎಣಿಸಿ ಹೇಳಿ. ಜಠರದಲ್ಲಿ ಹುಣ್ಣಿದ್ರೂ ಪಟ್ಟಿ ಬಿಗಿದಾಗ ಹೀಗೇ ಆಡುತ್ತೆ, ವೈದ್ಯರಿಗೆ ಅದನ್ನೂ ತಿಳಿಸಿ.

ನೋವಿಲ್ಲ ಅಂತ ಖಾತ್ರಿಯಾದ್ರೆ ಮಾತ್ರ ಮುಂದಿನದು. ಬೇಲಿಯೊಳಗಿನ ಮಣ್ಣು ನೆಲ ಇರಲಿ, ಸಿಮೆಂಟ್ ಬೇಡ, ಕಂಬಕ್ಕೆ ಕಟ್ಟಬೇಡಿ. ನಿಮ್ಮ ತಲೆಗೆ ಹೆಲ್ಮೆಟ್ ಇರಲಿ. ಹಾಲ್ಟರ್ ಹಗ್ಗ ಇನ್ನೊಬ್ಬರು ಹಿಡಿದು ನೀವಿರುವ ಕಡೆಯಲ್ಲೇ ನಿಲ್ಲಲಿ. 4 ಮೀಟರ್ ಹತ್ತಿ ಹಗ್ಗ ಎದೆಗೂಡಿಗೆ ಒಂದು ಸುತ್ತು, ಗಂಟು ಹಾಕದೆ, ಕೈಗೆ ಸುತ್ತಿಕೊಳ್ಳದೆ. ಮೆಲ್ಲಗೆ ಬಿಗಿ ಮಾಡಿ. ಉಸಿರು ಬಿಟ್ಟ, ಕಣ್ಣು ಮಿಟುಕಿಸಿದ ಕ್ಷಣಕ್ಕೇ ಸಡಿಲಿಸಿ. ಅವನು ಕಲಿಯೋದು ಬಿಗಿತದಿಂದ ಅಲ್ಲ, ಸಡಿಲಿಕೆಯಿಂದ. ಎಗರಿದಾಗ ಸಡಿಲಿಸಿದ್ರೆ ಎಗರೋದನ್ನೇ ಕಲೀತಾನೆ. ಎಡದಿಂದ ಐದು ಸಲ, ಬಲದಿಂದ ಐದು ಸಲ. ಎಡಗಡೆ ಒಪ್ಪಿದ್ದನ್ನು ಬಲಗಡೆಯೂ ಒಪ್ಪುತ್ತೆ ಅಂತ ಲೆಕ್ಕ ಹಾಕಬೇಡಿ. ದಿನಕ್ಕೆ 15 ನಿಮಿಷ ಸಾಕು.

ಉಡುಪಿಯ ಸದಸ್ಯರು: ಮೇಡಂ, ನಮ್ಮ ಮರಿ ಲಾರಿ ಹಾರ್ನ್‌ಗೆ ಬೆಚ್ಚುತ್ತೆ. ರಸ್ತೆ ಪಕ್ಕ ನಡೆಸೋದು ಹೇಗೆ?

ಬೆಂಗಳೂರಿನ ಸದಸ್ಯರು: ಬೇರೆ ಗ್ರೂಪಲ್ಲಿ ಬಂದಿದ್ದು: ‘ಹಠದ ಮರಿಗೆ ಒಂದು ದಿನ ನೀರು, ಮೇವು ನಿಲ್ಲಿಸಿ, ಕಿವಿ ತಿರುಚಿ ಹಿಡಿದು ಜೀನು ಹಾಕಿ, ತಾನಾಗೇ ಬಗ್ಗುತ್ತೆ.’ ಚಿಕ್ಕಮಗಳೂರಿನವರು ನೋಡಬಹುದು.

ಮೇಡಂ: ಯಾರೂ ಮಾಡಬೇಡಿ. ನೀರು ನಿಂತರೆ ಕರುಳಲ್ಲಿ ಮೇವು ಗಟ್ಟಿಕಟ್ಟಿ ಹೊಟ್ಟೆಶೂಲೆ ಬರುತ್ತೆ, ಪ್ರಾಣವೇ ಹೋಗಬಹುದು. ಕಿವಿ ತಿರುಚಿಸಿಕೊಂಡ ಕುದುರೆ ಆಮೇಲೆ ಕೈ ಮೇಲೆತ್ತಿದ್ರೂ ತಲೆ ಎಸೆಯುತ್ತೆ. ಅದಕ್ಕೆ ಲಗಾಮು ಹೇಗೆ ಏರಿಸ್ತೀರಿ? ಓದದೆ ಫಾರ್ವರ್ಡ್ ಮಾಡಬೇಡಿ.

ಬೆಂಗಳೂರಿನ ಸದಸ್ಯರು: ಸರಿ, ಮಂಪರಿಗೆ ಏಸ್‌ಪ್ರೊಮಜೀನ್ ಕೊಟ್ಟು ಜೀನು ಹಾಕಿದ್ರೆ?

ಮೇಡಂ: ಬೀಜ ಇರೋ ಗಂಡಿಗೆ ಅದನ್ನು ಕೊಟ್ಟರೆ ಶಿಶ್ನ ಹೊರಬಂದು ಒಳಹೋಗದೆ ಶಾಶ್ವತ ಹಾನಿ ಆಗಬಹುದು. ಮಂಪರಲ್ಲಿರೋ ಕುದುರೆ ಇದ್ದಕ್ಕಿದ್ದಂತೆ ಒದೆಯುತ್ತೆ ಕೂಡ. ಔಷಧಿ ಹೆಸರು ಇಲ್ಲಿ ಹಾಕಬೇಡಿ.

ತುಮಕೂರಿನ ಸದಸ್ಯರು: ದಿನಾ ಕೈಯಾರೆ ಬೆಲ್ಲ ತಿನ್ನಿಸಿ, ಯಾವ ಮರಿಯಾದ್ರೂ ಹಿಂದೆ ಬರುತ್ತೆ.

ಮೈಸೂರಿನ ಸದಸ್ಯರು: ಅಣ್ಣ, ಗಂಡು ಮರಿಗೆ ಕೈಯಲ್ಲಿ ಕೊಟ್ಟರೆ ಜೇಬು ತಡಕುತ್ತೆ, ಆಮೇಲೆ ಕಚ್ಚುತ್ತೆ.

ತುಮಕೂರಿನ ಸದಸ್ಯರು: ಟಾಂಗಾದವರು ತಲೆಮಾರಿನಿಂದ ಕೊಡ್ತಿಲ್ವಾ?

ಮೈಸೂರಿನ ಸದಸ್ಯರು: ಅವು ಪಳಗಿದ ಕುದುರೆ. ಮರಿಗೆ ಹೆಗಲ ಏಣಿನ ಮುಂದೆ ಕತ್ತಿನ ಬುಡ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕೆರೆದುಕೊಳ್ಳೋದು ಅಲ್ಲೇ, ಎದೆಬಡಿತ ಇಳಿಯುತ್ತೆ.

ತುಮಕೂರಿನ ಸದಸ್ಯರು: ನೀವು ಎಷ್ಟು ಮರಿ ಪಳಗಿಸಿದ್ದೀರಿ?

ಮೈಸೂರಿನ ಸದಸ್ಯರು: ನನ್ನ ಲೆಕ್ಕ ಬಿಡಿ. ಹೇಳಿದ್ರಲ್ಲಿ ತಪ್ಪಿದ್ರೆ ತೋರಿಸಿ.

ಮೇಡಂ: ಬೆಲ್ಲ ಬಕೆಟ್‌ನಲ್ಲಿ ಕೊಡಿ, ಕೈಯಲ್ಲಿ ಬೇಡ. ಕೆರೆಯೋ ಮಾತು ಸರಿ. ಇಬ್ಬರೂ ನಿಲ್ಲಿಸಿ.

ಕೋಲಾರದ ಸದಸ್ಯರು: ಮೇಡಂ, 2 ವರ್ಷ 4 ತಿಂಗಳ ಮರಿ, ಹತ್ತಬಹುದಾ?

ಮೇಡಂ: ಮೇಲೆ ಓದಿ.

ಕೋಲಾರದ ಸದಸ್ಯರು: ರೇಸ್ ಕುದುರೆ 2 ವರ್ಷಕ್ಕೇ ಓಡುತ್ತಲ್ಲ?

ಮೇಡಂ: ಓಡುತ್ತೆ. ಮೇಲಿರೋದು ಹಗುರ ಜಾಕಿ, ಜೊತೆಗೆ ವೈದ್ಯರಿರ್ತಾರೆ. ಆದ್ರೂ ಎಷ್ಟೋ ಕುದುರೆಗಳ ಕಾಲು ಹೋಗುತ್ತೆ. ನಿಮ್ಮ ತೂಕ ಎಷ್ಟು?

ಉಡುಪಿಯ ಸದಸ್ಯರು: ಮೇಡಂ, ಲಾರಿ ಹಾರ್ನ್ ಬಗ್ಗೆ ಕೇಳಿದ್ದೆ.

ಹಾಸನದ ಸದಸ್ಯರು: ಹುರುಳಿ ದುಬಾರಿ. ಹಸುವಿನ ಫೀಡ್ ಹಾಕಬಹುದಾ?

ಮೇಡಂ: ಬೇಡ. ಅದರಲ್ಲಿ ಮೊನೆನ್ಸಿನ್ (ದನದ ಫೀಡ್‌ಗೆ ಬೆರೆಸೋ ಔಷಧಿ) ಇದ್ರೆ ಕುದುರೆಯ ಹೃದಯದ ಸ್ನಾಯು ಹಾಳಾಗಿ ಸಾಯುತ್ತೆ.

ಚಿಕ್ಕಮಗಳೂರಿನ ಸದಸ್ಯರು: ಮೇಡಂ, ನೋಡಿದೆ. ಏಣಿನ ಹಿಂದೆ ಎಡಗಡೆ ರೂಪಾಯಿ ನಾಣ್ಯದಷ್ಟು ಬಿಳಿ ಕೂದಲು. ಅಲ್ಲಿ ಅದುಮಿದ್ರೆ ಬೆನ್ನು ಇಳಿಸ್ತಾನೆ. ಕೆಳಗೆ ದೊಡ್ಡ ಹಲ್ಲು ಎರಡೇ.

ಮೇಡಂ: ಎರಡೇ ಅಂದ್ರೆ ಸುಮಾರು ಎರಡೂವರೆ ದಾಟಿದೆ, ಮೂರೂವರೆ ಇನ್ನೂ ಆಗಿಲ್ಲ. ಮೂರೂವರೆಗೆ ನಾಲ್ಕು ಬಂದಿರುತ್ತೆ. ಜೀನು ಒತ್ತಿ ಕೂದಲಿಗೆ ಬಣ್ಣ ಕೊಡೋ ಜೀವಕೋಶ ಸತ್ತ ಕಡೆ ಹೀಗೆ ಬಿಳಿ ಕೂದಲು ಬರುತ್ತೆ. ಇವನ ಮೇಲೆ ಆಗಲೇ ಯಾರೋ ಕೂತಿದ್ದಾರೆ ಅಂತ ನನಗನ್ನಿಸುತ್ತೆ, ಅದೂ ಹೊಂದದ ಜೀನಲ್ಲಿ. ಎಗರೋದು ಹಠ ಅಲ್ಲ, ನೆನಪು. ನೋವು ಇನ್ನೂ ಇದೆ. ಹಗ್ಗದ ಪಾಠವೂ ಈಗ ಬೇಡ. ವೈದ್ಯರು ಬೆನ್ನು ನೋಡೋವರೆಗೆ ಹಾಲ್ಟರ್ ಹಾಕಿ ನಡೆಸೋದು, ಕತ್ತು ಕೆರೆಯೋದು ಅಷ್ಟೇ. ಸವಾರಿ ಮಾತು ಇನ್ನೊಂದು ವರ್ಷ ಎತ್ತಬೇಡಿ.

ಚಿಕ್ಕಮಗಳೂರಿನ ಸದಸ್ಯರು: ಸರಿ ಮೇಡಂ. ಕಂಬಳಿಯನ್ನೂ ತೆಗೆದೆ. ನಾಳೆ ಬೆಳಿಗ್ಗೆ ಡಾಕ್ಟರ್ ಬರ್ತಾರೆ.