ಎರಡೆಳೆ ಓಡಿಸಿದ ಗಂಟಿಗೆ ಕ್ರಾಸಿಂಗ್ ಕಡಿಮೆ ಆಗಲು ಸಾಧ್ಯವೇ?

ಮಲ್ಪೆ ಹುಡುಗ:
ಎಂಎಸ್ಸಿ ಓದುತ್ತಿದ್ದೇನೆ. ನಿನ್ನೆ ಅಪ್ಪನ ಬೋಟಿನ ನೈಲಾನ್ ಹಗ್ಗದಲ್ಲಿ ಟ್ರೆಫಾಯಿಲ್ ಗಂಟು (ಎಲ್ಲಕ್ಕಿಂತ ಸರಳ ಗಂಟು) ಹಾಕಿ ತುದಿಗಳನ್ನು ಸೇರಿಸಿದೆ. 3 ಕ್ರಾಸಿಂಗ್, ಅಂದರೆ ಚಿತ್ರದಲ್ಲಿ ಹಗ್ಗ ತನ್ನನ್ನೇ ದಾಟುವ ಜಾಗ ಮೂರು. ಆಮೇಲೆ ಅದೇ ದಾರಿಯಲ್ಲಿ ತೆಳು ಹಗ್ಗವನ್ನು ಎರಡು ಸಲ ಓಡಿಸಿದೆ. ಒಂದೊಂದು ಕ್ರಾಸಿಂಗ್ ನಾಲ್ಕಾಗಿ 12 ಆಯಿತು. ಎರಡೂ ಸುತ್ತು ಒಂದೇ ಹಗ್ಗ ಆಗಬೇಕಲ್ಲ, ಅದಕ್ಕೆ ಇನ್ನೊಂದು ಬೇಕು. ಒಟ್ಟು 13. ಹೀಗೆ ಒಂದು ಗಂಟಿನ ದಾರಿಯಲ್ಲೇ ಓಡಿಸಿದ ಸ್ಯಾಟಲೈಟ್ ಗಂಟಿನ ಕ್ರಾಸಿಂಗ್ ಮೂಲ ಗಂಟಿಗಿಂತ ಕಡಿಮೆ ಆಗುವುದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ, ಅಲ್ವಾ? ಮತ್ತೆ ಇದು ಇನ್ನೂ ಸಾಬೀತಾಗಿಲ್ಲ ಅಂತಾರಲ್ಲ, ಯಾಕೆ?

ಕೊಣಾಜೆ ಅಕ್ಕ:
ತಮ್ಮಾ, 13 ಸರಿಯಾಗಿದೆ. ಹೋಸ್ಟ್, ಥಿಸಲ್ತ್‌ವೇಟ್, ವೀಕ್ಸ್ 1998ರಲ್ಲಿ 16 ಕ್ರಾಸಿಂಗ್‌ವರೆಗಿನ ಸುಮಾರು 17 ಲಕ್ಷ ಪ್ರೈಮ್ (ಎರಡು ಗಂಟು ಜೋಡಿಸಿ ಮಾಡಿರದ) ಗಂಟುಗಳ ಪಟ್ಟಿ ಕೊಟ್ಟರು. ಅದರಲ್ಲಿ ಸ್ಯಾಟಲೈಟ್ ಶುರುವಾಗುವುದೇ 13ರಲ್ಲಿ. ಒಟ್ಟು 20 ಮಾತ್ರ, ಎಲ್ಲದಕ್ಕೂ ಮೂಲ ಟ್ರೆಫಾಯಿಲ್.

ಆದರೆ ನೀನು ಎಣಿಸಿದ್ದು ನಿನ್ನ ಒಂದು ಚಿತ್ರದಲ್ಲಿ. ಕ್ರಾಸಿಂಗ್ ಸಂಖ್ಯೆ ಅಂದರೆ ಆ ಗಂಟಿನ ಎಲ್ಲ ಚಿತ್ರಗಳಲ್ಲಿ ಅತಿ ಕಡಿಮೆ ಬರುವುದು. ತೆಳು ಹಗ್ಗ ಒಂದು ಕೊಳವೆಯೊಳಗೆ ಇದೆ ಎಂದುಕೋ. ಆ ಅತಿ ಕಡಿಮೆಯ ಚಿತ್ರದಲ್ಲಿ ಕೊಳವೆ ಎಲ್ಲೋ ಊದಿ, ಎಲ್ಲೋ ಚಪ್ಪಟೆಯಾಗಿ, ಮಡಚಿ ಕೂತಿರಬಹುದು. ಎರಡು ಎಳೆ ಪಕ್ಕಪಕ್ಕ ಓಡಬೇಕೆಂದು ಯಾರು ಹೇಳಿದರು? ಅದನ್ನು ಹಿಡಿತಕ್ಕೆ ತರುವುದೇ ಕಷ್ಟ. ಆಕ್ಸ್‌ಫರ್ಡ್‌ನ ಮಾರ್ಕ್ ಲ್ಯಾಕೆನ್‌ಬಿ ಸಾಬೀತು ಮಾಡಿದ್ದು ಇಷ್ಟು: ಸ್ಯಾಟಲೈಟ್‌ನ ಕ್ರಾಸಿಂಗ್ ಸಂಖ್ಯೆ, ಮೂಲ ಗಂಟಿನ ಸಂಖ್ಯೆಯನ್ನು 1ರ ಮುಂದೆ 13 ಸೊನ್ನೆ ಇಟ್ಟು ಭಾಗಿಸಿದರೆ ಬರುವುದಕ್ಕಿಂತ ಕಡಿಮೆ ಆಗದು. ಸಣ್ಣದು ಅನಿಸಬಹುದು. ಆದರೆ ಯಾವ ಗಂಟು ತಂದರೂ ಅದೇ ಭಾಜಕ ಸಾಕು, ನನಗೆ ಅದು ತುಂಬ ದೊಡ್ಡ ಮಾತು.

ಮಣಿಪಾಲ ಮೇಷ್ಟ್ರು:
ಹೈಪರ್ಬೋಲಿಕ್ ದಾರಿಯನ್ನೂ ನೋಡಿ ಮಾರಾಯ್ರೆ. ಗಣಿತಜ್ಞ ಥರ್ಸ್ಟನ್ ಪ್ರಕಾರ ಗಂಟು ಮೂರು ಬಗೆ: ಟೋರಸ್ (ಉದ್ದಿನವಡೆ ಆಕಾರದ ಮೇಲ್ಮೈ ಮೇಲೆ ಸುತ್ತಬಹುದಾದದ್ದು), ಸ್ಯಾಟಲೈಟ್, ಹೈಪರ್ಬೋಲಿಕ್ (ಸುತ್ತಲಿನ ಜಾಗಕ್ಕೆ ಹೈಪರ್ಬೋಲಿಕ್ ಜ್ಯಾಮಿತಿ ಒಪ್ಪುವಂಥದ್ದು). 4 ಕ್ರಾಸಿಂಗ್‌ನ ಎಂಟಂಕಿ ಗಂಟು ಹೈಪರ್ಬೋಲಿಕ್. ಅದರ ಸುತ್ತಲಿನ ಜಾಗದ ಘನಫಲ 2.0298... ಘನಫಲ ಜಾಸ್ತಿ ಇದ್ದರೆ ಕ್ರಾಸಿಂಗ್ ತೀರಾ ಕಡಿಮೆ ಇರಲಾರದು. ಸ್ಯಾಟಲೈಟನ್ನು ಕೊಳವೆಯ ಮೇಲ್ಮೈಯಲ್ಲಿ ಕತ್ತರಿಸಿದರೂ ಮೂಲ ಗಂಟಿನ ಘನಫಲ ಲೆಕ್ಕದಲ್ಲಿ ಉಳಿಯುತ್ತದೆ. ಆದರೆ ಟ್ರೆಫಾಯಿಲ್ ಟೋರಸ್ ಗಂಟು, ಅದರ ಪಾಲು ಸೊನ್ನೆ. ಹಾಗಾಗಿ ಈ ದಾರಿ ಅರ್ಧದಲ್ಲೇ ನಿಲ್ಲುತ್ತದೆ.

ಮಲ್ಪೆ ಹುಡುಗ:
ಅಕ್ಕಾ, ಸರ್, ಧನ್ಯವಾದ. ಸಂಜೆ ಎಂಟಂಕಿ ಗಂಟಿಗೂ ಎರಡೆಳೆ ಓಡಿಸಿದೆ. ನಾಲ್ಕು ನಾಲ್ಕಲಿ 16, ಮತ್ತೊಂದು, 17 ಬಂತು. 16ಕ್ಕೆ ಇಳಿಸಲು ತುಂಬ ಹೊತ್ತು ನೋಡಿದೆ. ಆಮೇಲೆ ಹೊಳೆಯಿತು, ಅಕ್ಕ ಹೇಳಿದ ಪಟ್ಟಿಯಲ್ಲಿ 16ರವರೆಗೆ ಟ್ರೆಫಾಯಿಲ್ ಬಿಟ್ಟು ಬೇರೆ ಮೂಲವೇ ಇಲ್ಲ. ಅಂದರೆ ಇದಕ್ಕೆ 17ಕ್ಕಿಂತ ಕಡಿಮೆ ಆಗುವುದೇ ಇಲ್ಲ, ಅಲ್ವಾ?

ಕೊಣಾಜೆ ಅಕ್ಕ:
ಹೌದು ತಮ್ಮಾ. ಸರಿಯಾಗಿ ಹಿಡಿದೆ.